ಅರವತ್ತು ವರ್ಷದ ಚಾನಲ್ ಸೇತುವೆ ಇನ್ನೆಷ್ಟು ದಿನ ತಾಳುತ್ತದೆ?

ಪ್ರಶ್ನೆ: ನಮ್ಮದು ದಾವಣಗೆರೆ ಜಿಲ್ಲೆ, ಮಲೇಬೆನ್ನೂರು ಹತ್ತಿರದ ಹಳ್ಳಿ. ಊರಿಗೆ ಹೋಗುವ ದಾರಿಯಲ್ಲಿ ಭದ್ರಾ ಚಾನಲ್ (ನಾಲೆ) ಮೇಲೆ ಎರಡು ಕಣ್ಣಿನ ಸೇತುವೆ ಇದೆ, ಅಂದರೆ ನಡುವೆ ಒಂದು ಕಂಬ, ಅದರ ಆಚೆ ಈಚೆ ಒಂದೊಂದು ಸ್ಲ್ಯಾಬು. ಉದ್ದ 16 ಮೀಟರ್, ಅಗಲ ನಾಲ್ಕೂಕಾಲು ಮೀಟರ್. ನಮ್ಮ ಅಪ್ಪನ ಕಾಲದ್ದು, ಅರವತ್ತು ವರ್ಷದ ಹತ್ತಿರ ಆಗಿದೆ. ಅಡಿಯಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದೆ. ಒಂದು ಪಕ್ಕದ ತಡೆಗೋಡೆ ಬಿದ್ದುಹೋಗಿದೆ. ಭತ್ತದ ಲಾರಿ, ಜಲ್ಲಿ ಟಿಪ್ಪರ್, ಶಾಲೆ ಬಸ್ಸು ಎಲ್ಲಾ ಇದರ ಮೇಲೇ ಓಡಾಡುತ್ತವೆ. ಕೇಳಿದರೆ ಅನುದಾನ ಇಲ್ಲ ಅನ್ನುತ್ತಾರೆ. ಹರಿಹರದ ಬ್ರಿಟಿಷರ ಕಾಲದ ಸೇತುವೆ ಇನ್ನೂ ಗಟ್ಟಿಯಾಗಿ ನಿಂತಿದೆ. ನಮ್ಮದು ಇಷ್ಟು ಬೇಗ ಯಾಕೆ ಹಾಳಾಯಿತು? ಇನ್ನೆಷ್ಟು ದಿನ ತಾಳುತ್ತದೆ? ರಿಪೇರಿಗೆ ದುಡ್ಡು ಯಾರು ಕೊಡಬೇಕು? ಎರಡು ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಶಾಲೆ ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ಎರಡನೇ ಫೋಟೋದಲ್ಲಿ, ನಡುಗಂಬದ ಪಕ್ಕದಲ್ಲಿ ಸ್ಲ್ಯಾಬಿನ ಅಂಚಿಗೆ ಓರೆಯಾಗಿ ಏರಿದ ಬಿರುಕು ಕಾಣುತ್ತದೆ. ಕಂಬಿ ಕಾಣುವುದಕ್ಕಿಂತ ಅದು ನನಗೆ ಜಾಸ್ತಿ ಚಿಂತೆ ತಂದಿದೆ. ಸ್ಲ್ಯಾಬಿನ ನಡುವೆ ಕೂದಲೆಳೆಯಂಥ ನೆಟ್ಟನೆ ಬಿರುಕು ಬಂದರೆ ಸಾಮಾನ್ಯವಾಗಿ ಅವಸರ ಇಲ್ಲ. ಅದು ಬಗ್ಗುವಾಗ ಬರುವ ಬಿರುಕು, ಕಂಬಿ ಹಿಡಿದುಕೊಳ್ಳುತ್ತದೆ. ಆಧಾರದ ಹತ್ತಿರದ ಓರೆ ಬಿರುಕು ಹಾಗಲ್ಲ. ಅದು ಕತ್ತರಿಸುವ ಬಿರುಕು. ಮುನ್ಸೂಚನೆ ಜಾಸ್ತಿ ಕೊಡುವುದಿಲ್ಲ.

ಹಾಗಾಗಿ ನಾಳೆಯಿಂದಲೇ ಮಕ್ಕಳನ್ನು ಆ ಕಡೆ ದಂಡೆಯಲ್ಲೇ ಬಸ್ಸಿನಿಂದ ಇಳಿಸಿ, ನಡೆಸಿಕೊಂಡು ಬನ್ನಿ. ತಡೆಗೋಡೆ ಬಿದ್ದ ಕಡೆ ಸರ್ವೆ ಗಳ ಕಟ್ಟಿ. ಬಸ್ಸಿನ ಭಾರ ದೊಡ್ಡದಲ್ಲ, ತುಂಬಿದ ಟಿಪ್ಪರಿಗಿಂತ ಅದು ಎಷ್ಟೋ ಹಗುರ. ಆದರೆ ಟಿಪ್ಪರ್ ಬೆಳಿಗ್ಗೆ ಬಿಟ್ಟುಹೋದ ಗಾಯದ ಮೇಲೆ ಬಸ್ಸು ಸಂಜೆ ಹೋಗುತ್ತದೆ. ಎಷ್ಟು ದಿನ ತಾಳುತ್ತದೆ ಎಂದು ಕೇಳಿದ್ದೀರಿ. ಫೋಟೋ ನೋಡಿ ದಿನ ಎಣಿಸಿ ಹೇಳುವುದು ತಪ್ಪು, ಹೇಳುವುದಿಲ್ಲ. ಆದರೆ ಭಾರದ ಗಾಡಿಗಳನ್ನು ಈಗಲೇ ನಿಲ್ಲಿಸಬೇಕು ಎಂದು ಹೇಳುವುದಕ್ಕೆ ಆ ಒಂದು ಫೋಟೋ ಸಾಕು.

ಇನ್ನು ಹರಿಹರದ ಸೇತುವೆ. ನೀವು ಕೇಳಿದ್ದರಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ತುಂಗಭದ್ರೆಗೆ ಆ ಸೇತುವೆ ಕಟ್ಟಿ ಮುಗಿಸಿದ್ದು 1868ರಲ್ಲಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗಾಗಿ ಕಟ್ಟಿದ್ದು. ಒಂದೊಂದು 60 ಅಡಿಯಂತೆ 14 ಕಮಾನು, ಕಲ್ಲು ಮತ್ತು ಇಟ್ಟಿಗೆ. ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 3 ಲಕ್ಷ ರೂಪಾಯಿ ಖರ್ಚಾಗಿತ್ತು. ಆ ಕಮಾನಿನ ಒಳಗೆ ಕಬ್ಬಿಣ ಇಲ್ಲ. ಮೇಲಿನ ಭಾರವನ್ನು ಒಂದು ಕಲ್ಲು ಪಕ್ಕದ ಕಲ್ಲಿಗೆ ಒತ್ತಿ ದಾಟಿಸುತ್ತದೆ. ಕೊನೆಗೆ ಅದು ಕಂಬಕ್ಕೆ, ಕಂಬದಿಂದ ನೆಲಕ್ಕೆ ಹೋಗುತ್ತದೆ. ಕಲ್ಲಿಗೆ ಒತ್ತಡ ಅಂದರೆ ಒಗ್ಗಿದ ಕೆಲಸ. ತುಕ್ಕು ಹಿಡಿಯಲು ಅಲ್ಲಿ ಏನೂ ಇಲ್ಲ ಅಲ್ವಾ?

ನಿಮ್ಮ ಸೇತುವೆ ಬೇರೆ ಜಾತಿಯದು. ಚಪ್ಪಟೆ ಸ್ಲ್ಯಾಬು ಭಾರ ಬಿದ್ದಾಗ ಬಗ್ಗುತ್ತದೆ. ಬಗ್ಗಿದಾಗ ಕೆಳಮೈ ಹಿಗ್ಗುತ್ತದೆ. ಕಾಂಕ್ರೀಟಿಗೆ ಹಿಗ್ಗುವ ಶಕ್ತಿ ಇಲ್ಲ, ಆ ಕೆಲಸವನ್ನು ಪೂರ್ತಿ ಕಂಬಿಯೇ ಮಾಡಬೇಕು. ಆದ್ದರಿಂದಲೇ ಕಂಬಿಗಳನ್ನು ಕೆಳಗಡೆ ಹಾಕುತ್ತಾರೆ. ಹೊಸದರಲ್ಲಿ ಕಾಂಕ್ರೀಟು ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ, ಅದರ ಸುಣ್ಣದ ಗುಣ ಅಂಥದ್ದು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದ ಹಾಗೆ ವರ್ಷ ವರ್ಷಕ್ಕೂ ಆ ಗುಣ ಒಂದಿಷ್ಟು ಕಳೆಯುತ್ತದೆ. ಅರವತ್ತರ ದಶಕದಲ್ಲಿ ಕಂಬಿಯ ಕೆಳಗೆ ಬಿಡುತ್ತಿದ್ದ ಕಾಂಕ್ರೀಟಿನ ಹೊದಿಕೆ ಒಂದು ಇಂಚು. ಮೇಸ್ತ್ರಿ ಕಣ್ಣು ತಪ್ಪಿದರೆ ಅರ್ಧ ಇಂಚು. ಈಗಿನ ನಿಯಮದಲ್ಲಿ ಸೇತುವೆಗೆ 40 ಮಿಲಿಮೀಟರಿಗಿಂತ ಕಮ್ಮಿ ಬಿಡುವಂತಿಲ್ಲ. ಹೊದಿಕೆ ದಾಟಿ ಆ ಅನಿಲ ಒಳಗೆ ಹೋಯಿತು, ಜೊತೆಗೆ ನೀರೂ ಸಿಕ್ಕಿತು ಎಂದರೆ ಕಂಬಿ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡು ಮೂರು ಪಟ್ಟು ಜಾಗ ಕೇಳುತ್ತದೆ. ಒಳಗಿಂದಲೇ ಉಬ್ಬಿ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ನೀವು ನೋಡುತ್ತಿರುವ ಉದುರುವಿಕೆ ಇದೇ.

ಕಂಬಿ ಸ್ವಲ್ಪ ಸವೆದರೆ ಏನಾಯಿತು ಎಂದು ಕೇಳುವವರಿದ್ದಾರೆ. 16 ಮಿಲಿಮೀಟರ್ ಕಂಬಿ ಸವೆದು 14 ಆದರೆ ನೋಡುವುದಕ್ಕೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಲೆಕ್ಕ ಹಾಕಿದರೆ ಕಾಲು ಭಾಗದ ಹತ್ತಿರ ಶಕ್ತಿ ಹೋಗಿರುತ್ತದೆ.

ಸರಿ, ನೀರು ಎಲ್ಲಿಂದ ಬಂತು? ಚಾನಲ್ ನೀರಿನಿಂದ ಅಂದುಕೊಂಡಿರುತ್ತೀರಿ. ಬಹಳ ಸಲ ಅದು ಮೇಲಿನಿಂದ ಬಂದದ್ದು. ಸೇತುವೆ ಕಟ್ಟುವಾಗ ಎರಡೂ ಅಂಚಿನಲ್ಲಿ ಮಳೆನೀರು ಇಳಿದುಹೋಗಲು ಕೊಳವೆ ಇಟ್ಟಿರುತ್ತಾರೆ. ನಿಮ್ಮ ಮೊದಲ ಫೋಟೋದಲ್ಲಿ ಆ ಕೊಳವೆಯ ತುದಿ ಕೆಳಗಡೆ ಕಾಣುತ್ತದೆ, ಮೇಲ್ಗಡೆ ಕಾಣುವುದಿಲ್ಲ. ಡಾಂಬರು ಹಾಕುವವರು ಅದನ್ನು ಮುಚ್ಚಿದ್ದಾರೆ. ಆಮೇಲೆ ಮಳೆನೀರು ಸ್ಲ್ಯಾಬಿನ ಮೇಲೆ ನಿಲ್ಲುತ್ತದೆ. ಡಾಂಬರಿನ ಸಂದಿಯಲ್ಲಿ ಇಳಿದು, ಕಾಂಕ್ರೀಟಿನೊಳಗೆ ಸುಣ್ಣ ಕರಗಿಸಿಕೊಂಡು ಕೆಳಗೆ ತೊಟ್ಟಿಕ್ಕುತ್ತದೆ. ಸ್ಲ್ಯಾಬಿನ ಅಡಿಯಲ್ಲಿ ಬಿಳಿ ಗೀರು, ಸಣ್ಣ ಸಣ್ಣ ಬಿಳಿ ತೊಟ್ಟು ನೇತಾಡುತ್ತಿವೆಯಲ್ಲ, ಅದು ಆ ಸುಣ್ಣ.

ಡಾಂಬರು ಇನ್ನೊಂದು ಕೆಲಸವನ್ನೂ ಮಾಡಿದೆ. ಐದು ಸೆಂಟಿಮೀಟರ್ ದಪ್ಪದ ಒಂದು ಪದರಕ್ಕೆ ಒಂದು ಚದರ ಮೀಟರಿಗೆ ಸುಮಾರು 115 ಕಿಲೋ ತೂಕ. ನೀವು ಕೊಟ್ಟ ಅಳತೆಗೆ ಹತ್ತಿರ 8 ಟನ್. ಹಳೆಯದನ್ನು ಕೀಳದೆ ಮೂರು ಸಲ ಮೇಲೆ ಮೇಲೆ ಹಾಕಿದ್ದರೆ 23 ಟನ್. ಎರಡು ಕಣ್ಣಿಗೆ ಹಂಚಿದರೂ ಒಂದೊಂದರ ಮೇಲೆ ಹನ್ನೆರಡು ಟನ್ನಿನ ಗಾಡಿಯನ್ನು ರಾತ್ರಿ ಹಗಲು ನಿಲ್ಲಿಸಿದ ಹಾಗಾಯಿತು. ರಸ್ತೆಗೆ ಡಾಂಬರು ಬಂತು ಎಂದು ಊರಿನವರು ಖುಷಿಪಡುತ್ತಾರೆ, ನಾನೂ ಪಡುತ್ತೇನೆ. ಆದರೆ ಸೇತುವೆ ಮೇಲೆ ಹಳೇ ಪದರ ಕಿತ್ತೇ ಹೊಸದು ಹಾಕಬೇಕು ಎಂದು ಆ ದಿನ ಅಲ್ಲೇ ನಿಂತು ಹೇಳುವವರು ಒಬ್ಬರು ಬೇಕು.

ಗಾಡಿಗಳ ಭಾರವೂ ಬದಲಾಗಿದೆ. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳ ಭಾರದ ಮಿತಿ ಏರಿಸಿತು. ಮೂರು ಆಕ್ಸಲ್ ಲಾರಿಗೆ ಗಾಡಿಯೂ ಸೇರಿ ಇದ್ದ 25 ಟನ್ ಮಿತಿ 28.5 ಟನ್ ಆಯಿತು. ಗಾಡಿ ಓಡಿಸುವವರ ಕಷ್ಟ ನೋಡಿದರೆ ಅದಕ್ಕೂ ಕಾರಣ ಇದೆ. ಆದರೆ ಅರವತ್ತು ವರ್ಷದ ಹಿಂದೆ ಚಾನಲ್ ಮೇಲೆ ಒಂದು ಗಾಡಿ ಹೋಗುವಷ್ಟು ಅಗಲಕ್ಕೆ ಸೇತುವೆ ಕಟ್ಟಿದವರ ಕಣ್ಣ ಮುಂದೆ ಇದ್ದದ್ದು ಎತ್ತಿನ ಗಾಡಿ, ಟ್ರ್ಯಾಕ್ಟರು, ಅಪರೂಪಕ್ಕೊಂದು ಲಾರಿ. ಇವತ್ತು ಅದರ ಮೇಲೆ ಜಲ್ಲಿ ಟಿಪ್ಪರುಗಳು ಸಾಲಾಗಿ ಹೋಗುತ್ತವೆ. ಎಷ್ಟೋ ಸಲ 28.5 ಟನ್ ಮಿತಿಯನ್ನೂ ದಾಟಿರುತ್ತವೆ.

ವಯಸ್ಸು ಒಂದೇ ಸೇತುವೆಯನ್ನು ಕೊಲ್ಲುವುದಿಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹತ್ತಿರ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕ ಬದುಕಿದರು. ಆ ಸೇತುವೆಗೆ ಆಗಿದ್ದು ನಲವತ್ತು ವರ್ಷದ ಆಸುಪಾಸು. 2025ರ ಜುಲೈ 9ರಂದು ಗುಜರಾತಿನಲ್ಲಿ ಮಹಿಸಾಗರ ನದಿಯ ಗಂಭೀರಾ ಸೇತುವೆ ಬಿತ್ತು. ಇಪ್ಪತ್ತು ಜನಕ್ಕಿಂತ ಜಾಸ್ತಿ ಸತ್ತರು. ಅದು 1985ರದ್ದು. ಹರಿಹರದ್ದಕ್ಕೆ ಹೋಲಿಸಿದರೆ ಎರಡೂ ಮೊಮ್ಮಕ್ಕಳ ವಯಸ್ಸಿನವು.

ಕಲ್ಲಿನ ಸೇತುವೆಗೆ ಸಾವೇ ಇಲ್ಲ ಎಂದಲ್ಲ. ಅದಕ್ಕೆ ಪೆಟ್ಟು ಬುಡದಲ್ಲಿ. 2016ರ ಆಗಸ್ಟ್ 2ರಂದು ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಮಾನು ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋಯಿತು. ಎರಡು ಬಸ್ಸು ಜನರ ಸಮೇತ ಹೋದವು. ನಮ್ಮ ಬಂಟ್ವಾಳ ತಾಲ್ಲೂಕಿನ ಮುಲ್ಲರಪಟ್ನದಲ್ಲಿ 2018ರ ಜೂನ್‌ನಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ, ಮರಳು ತೆಗೆದದ್ದೇ ಕಾರಣ ಎಂದು ಊರಿನವರು ಹೇಳಿದ್ದರು. ಕಂಬದ ಬುಡದ ಮರಳು ಹೋದರೆ ಕಂಬ ಯಾವುದರ ಮೇಲೆ ನಿಲ್ಲಬೇಕು? ಹೊನ್ನಾಳಿ, ಹರಿಹರದ ಕಡೆ ತುಂಗಭದ್ರೆಯ ದಡದಲ್ಲಿರುವವರು ಇದನ್ನು ದಯವಿಟ್ಟು ಗಮನದಲ್ಲಿಡಿ. ಚಿತ್ರದುರ್ಗದ ಕಡೆಯವರಿಗೂ ಒಂದು ಮಾತು. ವೇದಾವತಿ ಬತ್ತಿದ ಹೊಳೆ, ಅದರ ಸೇತುವೆಗೆ ಏನಾಗುತ್ತದೆ ಎಂದು ಸುಮ್ನೆ ಇರಬೇಡಿ. ಆ ಹೊಳೆಗೆ ಕಟ್ಟಿದ ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷ ಕೋಡಿ ನೀರು ಕಾಣದ ಹೊಳೆಪಾತ್ರದಲ್ಲಿ ಒಮ್ಮೆಲೇ ನೀರು ಹರಿಯಿತು. 2025ರಲ್ಲಿ ಮತ್ತೆ ಕೋಡಿ ಬಿತ್ತು. ಒಣಗಿದ್ದಾಗಲೇ ಕಂಬದ ಬುಡ ನೋಡಿ ಕಲ್ಲು ಪಿಚಿಂಗ್ (ಮಣ್ಣು ಕೊಚ್ಚಿಹೋಗದಂತೆ ಕಲ್ಲು ಹಾಸುವುದು) ಮಾಡಿಸಿಕೊಳ್ಳುವುದು ಸುಲಭ.

ಈಗ ದುಡ್ಡಿನ ವಿಷಯ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದಿ, ನಿಮ್ಮ ಕೆಲಸ ಆಗುವುದು ಬಿಡುವುದು ಇಲ್ಲೇ ಇದೆ.

"ಅನುದಾನ ಇಲ್ಲ" ಎಂಬ ಮಾತು ಅರ್ಧ ನಿಜ. ರಾಜ್ಯ ಬಜೆಟ್ಟಿನಲ್ಲಿ ರಸ್ತೆ ಮತ್ತು ಸೇತುವೆಗೆ ಎರಡು ಮುಖ್ಯ ಲೆಕ್ಕ ಶೀರ್ಷಿಕೆ ಇವೆ. 3054 ಎಂಬುದು ನಿರ್ವಹಣೆಯ ಖರ್ಚಿಗೆ. 5054 ಎಂಬುದು ಹೊಸದಾಗಿ ಕಟ್ಟುವ ಬಂಡವಾಳ ಕೆಲಸಕ್ಕೆ. ನಿರ್ವಹಣೆಯ ದುಡ್ಡು ಮೊದಲೇ ಕಮ್ಮಿ. ಬಂದದ್ದು ಗುಂಡಿ ಮುಚ್ಚುವುದಕ್ಕೆ, ಜಾಲಿ ಕಡಿಯುವುದಕ್ಕೆ ಮುಗಿದುಹೋಗುತ್ತದೆ. ಗುಂಡಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಬೈಕಿನವರು ದಿನಾ ಬೈಯುತ್ತಾರೆ. ಸೇತುವೆಯ ಅಡಿಭಾಗವನ್ನು ನೋಡುವವರು ದನ ಮೇಯಿಸುವ ಹುಡುಗರು ಮಾತ್ರ.

ಹೊಸ ಸೇತುವೆಗೆ ಬಾಗಿಲು ಎಷ್ಟೋ ಇವೆ. ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿ 1995-96ರಿಂದ ರಾಜ್ಯಗಳಿಗೆ ಹಳ್ಳಿ ರಸ್ತೆ, ಸೇತುವೆಗೆ ಸಾಲ ಕೊಡುತ್ತಿದೆ. ಪೆಟ್ರೋಲ್, ಡೀಸೆಲ್ ಮೇಲಿನ ಸೆಸ್ಸಿನಿಂದ ಬರುವ ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಇದೆ, 2000ದ ಕಾಯ್ದೆ ಅದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಇದೆ. ಶಾಸಕರ ನಿಧಿ ಇದೆ. ಸೇತುವೆ ಪ್ರವಾಹದಲ್ಲಿ ಕೊಚ್ಚಿಹೋದರೆ ವಿಪತ್ತು ನಿಧಿಯಿಂದ ತುರ್ತು ದುರಸ್ತಿಗೆ ದುಡ್ಡು ಬರುತ್ತದೆ. ನೋಡಿ, ಕಟ್ಟುವಾಗ ದುಡ್ಡು ಇದೆ, ಬಿದ್ದ ಮೇಲೂ ದುಡ್ಡು ಇದೆ. ನಡುವಿನ ಅರವತ್ತು ವರ್ಷಕ್ಕೆ ಕೊಳವೆ ಬಿಡಿಸುವ ದುಡ್ಡು ಸಿಗುವುದಿಲ್ಲ. ನಮ್ಮ ಸೇತುವೆಗಳು ಸಾಯುತ್ತಿರುವುದು ಈ ಸಣ್ಣ ದುಡ್ಡು ಇಲ್ಲದೆ. ನನ್ನ ಇಡೀ ವೃತ್ತಿಯಲ್ಲಿ ನಾನು ಕಂಡದ್ದು ಇದನ್ನೇ.

ಒಂದು ಸೇತುವೆ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಹೊಳಲ್ಕೆರೆ ಕಡೆಯ ಒಂದು ಹಳ್ಳದ ಮೇಲಿನ ಮೂರು ಕಣ್ಣಿನ ಸಣ್ಣ ಸೇತುವೆ. ನಾನು ಕೆಲಸಕ್ಕೆ ಸೇರಿದ ಹೊಸತು. ಕೊಳವೆ ಎಲ್ಲಾ ಮುಚ್ಚಿದ್ದವು, ರೆಕ್ಕೆಗೋಡೆಯ (ಸೇತುವೆಯ ತುದಿಯಲ್ಲಿ ದಂಡೆಯ ಮಣ್ಣು ತಡೆಯುವ ಗೋಡೆ) ಸಂದಿಯಲ್ಲಿ ಅರಳಿ ಸಸಿ ಹುಟ್ಟಿತ್ತು, ಬೆರಳಿನ ದಪ್ಪ. ಕೊಳವೆ ಬಿಡಿಸಿ, ಸಸಿ ಬೇರು ಸಮೇತ ತೆಗೆದು, ಸಂದಿಗೆ ಗಾರೆ ತುಂಬಲು ಸಣ್ಣ ಎಸ್ಟಿಮೇಟ್ ಬರೆದೆ. ನಾಲ್ಕಾಳು ಎರಡು ದಿನ ಮಾಡುವ ಕೆಲಸ. ಇಷ್ಟು ಸಣ್ಣದನ್ನು ಪ್ರತ್ಯೇಕವಾಗಿ ಕಳಿಸಬೇಡಿ, ರಸ್ತೆ ಕೆಲಸ ಬಂದಾಗ ಸೇರಿಸಿ ಎಂದು ವಾಪಸ್ ಬಂತು. ಮುಂದಿನ ವರ್ಷವೂ ಹಾಗೇ ಆಯಿತು. ನನಗೆ ವರ್ಗವಾಯಿತು. ಒಂಬತ್ತು ವರ್ಷ ಬಿಟ್ಟು ಆ ದಾರಿಯಲ್ಲಿ ಹೋದಾಗ ಬೆರಳಿನ ದಪ್ಪದ ಸಸಿ ತೊಡೆಯ ದಪ್ಪ ಆಗಿತ್ತು. ಗೋಡೆ ಎರಡಾಗಿತ್ತು. ಸ್ಲ್ಯಾಬು ಇಳಿದಿತ್ತು. ಕೊನೆಗೆ ಪೂರ್ತಿ ಕೆಡವಿ ಹೊಸದು ಕಟ್ಟಿದರು. ಆ ಎಸ್ಟಿಮೇಟನ್ನು ಮೂರನೇ ಸಲ ಹಿಡಿದುಕೊಂಡು ಹೋಗಿ ಕೂರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಬೇರೆ ದೇಶಗಳು ಇದನ್ನು ಪೆಟ್ಟು ತಿಂದೇ ಕಲಿತವು. ಅಮೆರಿಕದಲ್ಲಿ 1967ರಲ್ಲಿ ಓಹಾಯೋ ನದಿಯ ಸಿಲ್ವರ್ ಬ್ರಿಡ್ಜ್ ಬಿದ್ದು 46 ಜನ ಸತ್ತ ಮೇಲೆ, ದೇಶದ ಹೆದ್ದಾರಿ ಸೇತುವೆಗಳನ್ನು ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡುವ ನಿಯಮ ಬಂತು. ನಮ್ಮಲ್ಲೂ 2016ರಲ್ಲಿ ರಾಷ್ಟ್ರೀಯ ಹೆದ್ದಾರಿ ಸೇತುವೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಅಂಕ ಕೊಡುವ ವ್ಯವಸ್ಥೆ ಶುರುವಾಯಿತು. ಒಳ್ಳೆಯ ಕೆಲಸ ಅದು. ಆದರೆ ನಿಮ್ಮ ಚಾನಲ್ ಸೇತುವೆಯಂಥವು ಆ ಪಟ್ಟಿಗೆ ಬರುವುದಿಲ್ಲ. ನೀವೇ ಅದನ್ನು ಯಾರದ್ದಾದರೂ ಪಟ್ಟಿಗೆ ಹತ್ತಿಸಬೇಕು.

ಅದಕ್ಕೆ ಮೊದಲು ಸೇತುವೆಯ ಮಾಲೀಕರು ಯಾರು ಎಂದು ತಿಳಿಯಬೇಕು. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಭದ್ರಾ ನಾಲೆಯ ಮೇಲೆ ನಾಲೆಯ ಜೊತೆಗೇ ಕಟ್ಟಿದ ಸೇತುವೆ ಸಾಮಾನ್ಯವಾಗಿ ಕರ್ನಾಟಕ ನೀರಾವರಿ ನಿಗಮದ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ರಸ್ತೆ ಒಬ್ಬರದು, ಸೇತುವೆ ಇನ್ನೊಬ್ಬರದು ಆಗುವುದುಂಟು. ನೀವು ಕೇಳಿದಾಗ ಅನುದಾನ ಇಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇದನ್ನು ಬಗೆಹರಿಸಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. ಈ ಸೇತುವೆ ಯಾವ ಕಚೇರಿಯ ಆಸ್ತಿ, ಕೊನೆಯ ತಪಾಸಣೆ ಯಾವತ್ತು ಆಯಿತು, ಅದರ ವರದಿಯ ನಕಲು ಕೊಡಿ. ಇಷ್ಟೇ ಕೇಳಿ. ಮೂರೂ ಕಚೇರಿಗೆ ಬೇರೆ ಬೇರೆ ಹಾಕಿ.

ಇನ್ನೊಂದು ಅರ್ಜಿ ಜಿಲ್ಲಾಧಿಕಾರಿಗಳಿಗೆ, ಅದು ಇವತ್ತೇ ಹೋಗಲಿ. ಸೇತುವೆಯ ಸ್ಥಿತಿ ನೋಡಿ ಭಾರದ ಗಾಡಿಗಳನ್ನು ತಡೆಯಲು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಫೋಟೋ ಅಂಟಿಸಿ, ಗ್ರಾಮ ಪಂಚಾಯಿತಿ ನಿರ್ಣಯದ ಪ್ರತಿ ಸೇರಿಸಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಬರೀ ಬೋರ್ಡಿಗೆ ಟಿಪ್ಪರ್ ನಿಲ್ಲುವುದಿಲ್ಲ. ಎರಡೂ ತುದಿಯಲ್ಲಿ ಎತ್ತರದ ಗೇಟಿನಂತೆ ಕಬ್ಬಿಣದ ತಡೆ ನಿಲ್ಲಿಸಲು ಕೇಳಿ. ಟ್ರ್ಯಾಕ್ಟರು, ಆಂಬುಲೆನ್ಸು ಹೋಗಬೇಕು, ಟಿಪ್ಪರ್ ಹೋಗಬಾರದು. ಊರಿನಲ್ಲಿ ಇದಕ್ಕೆ ವಿರೋಧ ಬರುತ್ತದೆ. ಭತ್ತ ಸಾಗಿಸುವವರಿಗೆ ಸುತ್ತು ದಾರಿ, ಬಾಡಿಗೆ ಜಾಸ್ತಿ. ಆ ಕಷ್ಟ ನಿಜವಾದದ್ದೇ, ಅದನ್ನು ಊರಿನವರೆಲ್ಲ ಕೂತು ಮಾತಾಡಿಯೇ ಒಪ್ಪಿಸಬೇಕು.

ಆಮೇಲೆ ರಿಪೇರಿ. ನೇರವಾಗಿ "ಹೊಸ ಸೇತುವೆ ಕೊಡಿ" ಎಂದು ಕೇಳಬೇಡಿ. ಕೇಳಿದರೆ ಪ್ರಸ್ತಾವನೆ ಬೆಂಗಳೂರಿಗೆ ಹೋಗಿ ಕೂರುತ್ತದೆ, ಅದು ಬರುವ ತನಕ ಹಳೆಯದಕ್ಕೆ ಒಂದು ಪೈಸೆಯೂ ಬೀಳುವುದಿಲ್ಲ. ಮೊದಲು ಸ್ಥಿತಿ ತಪಾಸಣೆ ಆಗಲಿ. ಕಂಬಿ ಎಷ್ಟು ಸವೆದಿದೆ ಎಂದು ಅಳೆಯಲಿ, ಕಾಂಕ್ರೀಟು ಎಲ್ಲೆಲ್ಲಿ ಟೊಳ್ಳಾಗಿದೆ ಎಂದು ಬಡಿದು ನೋಡಲಿ. ಬೇಕಿದ್ದರೆ ಭಾರ ಹಾಕಿ ಪರೀಕ್ಷೆ ಮಾಡುತ್ತಾರೆ. 24 ಗಂಟೆ ಭಾರ ಇಟ್ಟು ತೆಗೆದ ಮೇಲೆ, ಬಗ್ಗಿದ್ದರಲ್ಲಿ ನೂರಕ್ಕೆ 75ರಷ್ಟಾದರೂ ವಾಪಸ್ ಮೇಲೆದ್ದರೆ ಕಾಂಕ್ರೀಟ್ ಸ್ಲ್ಯಾಬು ಪಾಸು. ಆದರೆ ಓರೆ ಬಿರುಕು ಇರುವ ಸ್ಲ್ಯಾಬಿಗೆ ನಾನಂತೂ ಭಾರ ಹಾಕಲು ಬಿಡುವುದಿಲ್ಲ. ನಿಮ್ಮದರಲ್ಲಿ ಎರಡು ಕಣ್ಣಿನ ಸ್ಥಿತಿ ಒಂದೇ ಥರ ಇಲ್ಲ. ಒಂದು ಸ್ಲ್ಯಾಬನ್ನು ಬದಲಾಯಿಸಬೇಕಾಗಬಹುದು, ಇನ್ನೊಂದನ್ನು ಉಳಿಸಿಕೊಳ್ಳಬಹುದು ಎಂದು ನನ್ನ ಅಂದಾಜು. ಕಲ್ಲಿನ ಕಂಬ ಮತ್ತು ದಂಡೆಯ ಗೋಡೆ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಅವು ಗಟ್ಟಿ ಇದ್ದರೆ ಖರ್ಚು ಎಷ್ಟೋ ಇಳಿಯುತ್ತದೆ.

ಉಳಿಯುವ ಸ್ಲ್ಯಾಬಿಗೆ ಮಾಡಬೇಕಾದ್ದು ಇಷ್ಟು: ಮೇಲಿನ ಡಾಂಬರು ಪೂರ್ತಿ ಕೀಳಬೇಕು. ಕೊಳವೆ ಬಿಡಿಸಬೇಕು. ಕೆಳಗೆ ಸಡಿಲವಾದ ಕಾಂಕ್ರೀಟು ಕೆತ್ತಿ, ಕಂಬಿಯ ತುಕ್ಕು ಉಜ್ಜಿ ತೆಗೆದು, ತುಕ್ಕುನಿರೋಧಕ ಬಳಿದು, ಸವೆದ ಕಡೆ ಹೊಸ ಕಂಬಿ ಕೂಡಿಸಿ, ಮತ್ತೆ ಹೊದಿಕೆ ಕೊಡಬೇಕು. ತುಕ್ಕು ಉಜ್ಜದೆ ಸುಮ್ನೆ ಸಿಮೆಂಟ್ ಮೆತ್ತಿ ಸುಣ್ಣ ಹೊಡೆದರೆ ದಯವಿಟ್ಟು ಒಪ್ಪಬೇಡಿ. ಬಿರುಕು ಕಾಣದ ಹಾಗಾಗುತ್ತದೆ, ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ.

ಕೆಳಗಿನ ಕೆಲಸ ಎಲ್ಲಾ ಚಾನಲ್ ಒಣಗಿದ್ದಾಗಲೇ ಆಗಬೇಕು. ಬೇಸಿಗೆ ಬೆಳೆಗೆ ಬಿಟ್ಟ ನೀರು ಮೇ ಹೊತ್ತಿಗೆ ನಿಲ್ಲುತ್ತದೆ, ಮಳೆಗಾಲದ ಬೆಳೆಗೆ ಮತ್ತೆ ಬಿಡುವ ತನಕ ಸಿಗುವ ಸಮಯ ಬಹಳ ಕಮ್ಮಿ. ಆಗ ಎಸ್ಟಿಮೇಟ್ ಬರೆಯಲು ಕೂತರೆ ಆ ವರ್ಷ ಹೋಯಿತು. ನೀರು ನಿಲ್ಲುವ ಹೊತ್ತಿಗೆ ಟೆಂಡರ್ ಮುಗಿದಿರಬೇಕು. ಅದಕ್ಕೇ ಅರ್ಜಿಗಳನ್ನು ಈಗಲೇ ಹಾಕಿ ಎನ್ನುತ್ತಿದ್ದೇನೆ.

ನೀರು ನಿಲ್ಲಿಸಿದ ವಾರ ನನಗೆ ತಿಳಿಸಿ, ದಾವಣಗೆರೆಯಿಂದ ಬಂದು ನಾನೇ ಅಡಿಗಿಳಿದು ನೋಡುತ್ತೇನೆ. ಸುತ್ತಿಗೆ, ಟಾರ್ಚು, ಅಳತೆ ಟೇಪು ನನ್ನ ಹತ್ತಿರ ಇವೆ. ಹನ್ನೆರಡು ಅಡಿಯ ಏಣಿ ಒಂದನ್ನು ನೀವು ಊರಿನಲ್ಲಿ ನೋಡಿಟ್ಟಿರಿ.